ಓಎಸ್ ಲ್ಯಾಬ್: ಅಂದಿನ ಅಂಕ ಅಂದೇ

ಇಂಟರ್ನಲ್ಸ್‌ನಲ್ಲಿ 50ಕ್ಕೆ 20 ಬಂದಿದೆ, ಪಾಸು. ಸೆಮಿಸ್ಟರ್ ಪರೀಕ್ಷೆಯಲ್ಲಿ 50ಕ್ಕೆ 18, ಅದೂ ಪಾಸು. ಫಲಿತಾಂಶ ನೋಡಿದರೆ ಫೇಲು! ಕಂಪ್ಯೂಟರ್ ತಪ್ಪಿಲ್ಲ, ಲೆಕ್ಕವೂ ತಪ್ಪಿಲ್ಲ. ಎರಡೂ ಕಡೆ ಕನಿಷ್ಠ ಅಂಕ ದಾಟಿದ ಮೇಲೆ ಒಟ್ಟು 100ಕ್ಕೆ 40 ಆಗಬೇಕು ಎಂಬ ಮೂರನೆಯ ಷರತ್ತೂ ಇದೆ. 20 ಮತ್ತು 18 ಸೇರಿದರೆ 38. ಎರಡು ಅಂಕ ಕಡಿಮೆ ಬಿತ್ತು, ಒಂದು ‘ಬ್ಯಾಕ್’ ಉಳಿಯಿತು.

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಮೂರನೆಯ ಸೆಮಿಸ್ಟರ್‌ನಲ್ಲೇ ಓದುವ ‘ಆಪರೇಟಿಂಗ್ ಸಿಸ್ಟಮ್ಸ್’ 4 ಕ್ರೆಡಿಟ್‌ಗಳ ಕೋರ್ಸ್. ಪಾಠವೂ ಲ್ಯಾಬೂ ಒಂದೇ ಕೋರ್ಸ್‌ನಲ್ಲಿ ಸೇರಿರುವುದರಿಂದ ಇದರ ನಿಯಮಗಳು ಬರೀ ಥಿಯರಿ ವಿಷಯಗಳಂತಲ್ಲ. ಮೊದಲ ವಾರ ಅವನ್ನು ಓದಿಕೊಂಡವರಿಗೆ ಕೊನೆಯ ವಾರ ಓಡಾಟ ತಪ್ಪುತ್ತದೆ. ಈ ಲೇಖನದ ಅಂಕಿಗಳು 2022ರ ಸ್ಕೀಮ್‌ಗೆ ಸೇರಿದವು. ಸ್ವಾಯತ್ತ ಕಾಲೇಜಿನವರು ಮತ್ತು ಬೇರೆ ಸ್ಕೀಮ್‌ನವರು ತಮ್ಮ ವಿಭಾಗದ ಸಿಲಬಸ್ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಹೆಜ್ಜೆ 1: ಅಂಕದ ಲೆಕ್ಕ ಬರೆದಿಟ್ಟುಕೊಳ್ಳಿ

ನೋಟ್‌ಬುಕ್‌ನ ಮೊದಲ ಪುಟದಲ್ಲಿ ಇಷ್ಟನ್ನು ಬರೆಯಿರಿ.

• ಇಂಟರ್ನಲ್ಸ್ (ಸಿಐಇ) 50 ಅಂಕ: ಥಿಯರಿಗೆ 25, ಲ್ಯಾಬ್‌ಗೆ 25. ಎರಡರಲ್ಲೂ ಬೇರೆಬೇರೆಯಾಗಿ ಕನಿಷ್ಠ 10 ಬರಬೇಕು.
• ಥಿಯರಿಯ 25ರಲ್ಲಿ ಎರಡು ಟೆಸ್ಟ್‌ಗಳಿಗೆ 15, ಅಸೈನ್‌ಮೆಂಟ್‌ನಂಥ ಇತರ ಮೌಲ್ಯಮಾಪನಕ್ಕೆ 10.
• ಲ್ಯಾಬ್‌ನ 25ರಲ್ಲಿ ಪ್ರತಿವಾರದ ಪ್ರಯೋಗ ಮತ್ತು ರೆಕಾರ್ಡ್‌ಗೆ 15, ಕೊನೆಯ ಲ್ಯಾಬ್ ಟೆಸ್ಟ್‌ಗೆ 10.
• ಸೆಮಿಸ್ಟರ್ ಪರೀಕ್ಷೆ (ಎಸ್‌ಇಇ) 100 ಅಂಕಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಅದರಲ್ಲಿ ಕನಿಷ್ಠ 18 ಬೇಕು.

ಹೆಚ್ಚಿನವರು ಎಡವುವುದು ಲ್ಯಾಬ್‌ನ ಸಾಲಿನಲ್ಲಿ. ಥಿಯರಿಯಲ್ಲಿ 22 ಬಂದು ಲ್ಯಾಬ್‌ನಲ್ಲಿ 8 ಬಂದರೆ ಒಟ್ಟು 30 ಆಯಿತಲ್ಲ ಎಂದು ಸಮಾಧಾನಪಡುವಂತಿಲ್ಲ. ಒಂದರ ಅಂಕ ಇನ್ನೊಂದರ ಕೊರತೆ ತುಂಬುವುದಿಲ್ಲ. ಸೆಮಿಸ್ಟರ್ ಕೊನೆಯಲ್ಲಿ ಪ್ರತ್ಯೇಕ ಲ್ಯಾಬ್ ಪರೀಕ್ಷೆಯೂ ಇಲ್ಲ. ಆದರೆ ಲ್ಯಾಬ್‌ನಲ್ಲಿ ಮಾಡಿದ್ದರ ಮೇಲೆ ಥಿಯರಿ ಪ್ರಶ್ನೆಪತ್ರಿಕೆಯಲ್ಲಿ ಪ್ರಶ್ನೆ ಬರಬಹುದು.

ಹೆಜ್ಜೆ 2: ಹಾಜರಿಯನ್ನು ಗಂಟೆಯಲ್ಲಿ ಎಣಿಸಿ

ವಿಟಿಯು ಪ್ರತಿ ಕೋರ್ಸ್‌ನಲ್ಲೂ ಶೇ 85 ಹಾಜರಿ ಕೇಳುತ್ತದೆ. ಶೇಕಡಾವಾರು ಕೇಳಿದರೆ ಸಲೀಸೆನಿಸುತ್ತದೆ, ಗಂಟೆಗೆ ಇಳಿಸಿದರೆ ನಿಜ ತಿಳಿಯುತ್ತದೆ. ಈ ಕೋರ್ಸ್‌ಗೆ 40 ಗಂಟೆ ಪಾಠ, 20 ಗಂಟೆ ಲ್ಯಾಬ್ ನಿಗದಿಯಾಗಿದೆ. 60ರಲ್ಲಿ ಶೇ 85 ಎಂದರೆ 51. ತಪ್ಪಿಸಿಕೊಳ್ಳಲು ಉಳಿಯುವುದು 9 ಗಂಟೆ. ಎರಡು ಗಂಟೆಯ ಲ್ಯಾಬ್ ಎರಡು ಸಲ ಬಿಟ್ಟರೆ ಅದರಲ್ಲಿ ನಾಲ್ಕು ಹೋಯಿತು. ಜ್ವರ, ಹಬ್ಬ, ಊರಿನ ಮದುವೆ, ಫೆಸ್ಟ್ ಎಲ್ಲವೂ ಉಳಿದ ಐದರೊಳಗೆ ಆಗಬೇಕು.

ಅನಾರೋಗ್ಯದಂಥ ನಿಜವಾದ ಕಾರಣವಿದ್ದರೆ ಶೇ 10ರಷ್ಟು ಕೊರತೆಯನ್ನು ಮನ್ನಿಸುವ ಅವಕಾಶವಿದೆ, ಆದರೆ ಅದು ಹಕ್ಕಲ್ಲ. ವೈದ್ಯರ ಪ್ರಮಾಣಪತ್ರವನ್ನು ಶಾರ್ಟೇಜ್ ಪಟ್ಟಿ ಅಂಟಿಸಿದ ದಿನ ಹುಡುಕಬೇಡಿ. ಕಾಲೇಜಿಗೆ ಮರಳಿದ ದಿನವೇ ವಿಭಾಗಕ್ಕೆ ಕೊಟ್ಟು, ಒಂದು ಪ್ರತಿ ಇಟ್ಟುಕೊಳ್ಳಿ.

ಹೆಜ್ಜೆ 3: ಮೊದಲ ವಾರವೇ ಲಿನಕ್ಸ್ ಹಾಕಿಕೊಳ್ಳಿ

ಫೋರ್ಕ್, ಎಕ್ಸೆಕ್, ವೇಟ್‌ನಂಥ ಸಿಸ್ಟಂ ಕಾಲ್‌ಗಳು ಯುನಿಕ್ಸ್ ಮನೆತನದವು. ವಿಂಡೋಸ್ ಲ್ಯಾಪ್‌ಟಾಪ್ ಇರುವವರು ಡಬ್ಲ್ಯುಎಸ್‌ಎಲ್ ಮೂಲಕ ಉಬುಂಟು ಹಾಕಿಕೊಂಡರೆ ಸಾಕು, ವಿಂಡೋಸ್ ತೆಗೆಯಬೇಕಿಲ್ಲ. ಜಿಸಿಸಿ ಕಂಪೈಲರ್ ಮತ್ತು ಜಿಡಿಬಿ ಡೀಬಗರ್ ಎರಡೂ ಇರಲಿ. ಲ್ಯಾಪ್‌ಟಾಪ್ ಇಲ್ಲದವರು ಲ್ಯಾಬ್ ಸಹಾಯಕರನ್ನು ಕೇಳಿ, ಬಿಡುವಿನ ಅವಧಿಯಲ್ಲಿ ಯಂತ್ರ ಸಿಗುವ ವೇಳೆಯನ್ನು ಗುರುತು ಹಾಕಿಕೊಳ್ಳಿ.

ಎಲ್ಲರೂ ಹಂಚಿಕೊಳ್ಳುವ ಸರ್ವರ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಲೂಪ್‌ನೊಳಗೆ ಫೋರ್ಕ್ ಬರೆದು ನಿಲ್ಲಿಸುವ ಷರತ್ತು ಮರೆತರೆ ಪ್ರೊಸೆಸ್‌ಗಳು ಒಂದಕ್ಕೆರಡಾಗುತ್ತಾ ಇಡೀ ಬ್ಯಾಚ್‌ನ ಕೆಲಸ ನಿಲ್ಲಬಹುದು. ತಪ್ಪಾದರೆ ಮುಚ್ಚಿಡದೆ ಕೂಡಲೇ ಹೇಳಿ.

ಹೆಜ್ಜೆ 4: ವಾರದ ಪ್ರೋಗ್ರಾಂ ವಾರದಲ್ಲೇ

ಲ್ಯಾಬ್ ಪಟ್ಟಿಯಲ್ಲಿರುವುದು ಹತ್ತು ಪ್ರೋಗ್ರಾಂ: ಪ್ರೊಸೆಸ್ ಸೃಷ್ಟಿ, ಸಿಪಿಯು ಶೆಡ್ಯೂಲಿಂಗ್, ಸೆಮಾಫೋರ್ ಬಳಸಿದ ಪ್ರೊಡ್ಯೂಸರ್–ಕನ್ಸ್ಯೂಮರ್, ಬ್ಯಾಂಕರ್ಸ್ ಅಲ್ಗಾರಿದಂ, ಪೇಜ್ ರಿಪ್ಲೇಸ್‌ಮೆಂಟ್, ಡಿಸ್ಕ್ ಶೆಡ್ಯೂಲಿಂಗ್ ಇತ್ಯಾದಿ. ಪ್ರತಿ ಪ್ರಯೋಗ ಮುಗಿದಾಗ ವೈವಾ ಸೇರಿಸಿ ಅಂದಿನ ಅಂಕ ಅಂದೇ ಕೊಡಬೇಕೆಂಬುದು ನಿಯಮ. ಆದ್ದರಿಂದ ಹತ್ತು ರೆಕಾರ್ಡ್‌ಗಳನ್ನು ಕೊನೆಯ ರಾತ್ರಿ ಕೂತು ಬರೆದರೆ ಪುಟ ತುಂಬುತ್ತದೆ, ಹೋದ ಅಂಕ ಬರುವುದಿಲ್ಲ.

ವೈವಾದಲ್ಲಿ ಕೋಡ್ ಒಪ್ಪಿಸಿದರೆ ಸಾಲದು. ಒಂದು ಸಾಲು ಬದಲಿಸಿದರೆ ಏನಾಗುತ್ತದೆ ಎಂದು ಹೇಳಲು ಬರಬೇಕು. ಮನೆಯಲ್ಲೇ ಹೀಗೆ ಕೆಡಿಸಿ ನೋಡಿ:

• ಷರತ್ತಿಲ್ಲದೆ ಫೋರ್ಕ್ ಅನ್ನು ಸಾಲಾಗಿ ಮೂರು ಸಲ ಕರೆಯಿರಿ. ಮೂಲದ್ದೂ ಸೇರಿ ಎಂಟು ಪ್ರೊಸೆಸ್ ಆಗುತ್ತವೆ. ನಾಲ್ಕೇಕಲ್ಲ ಎಂದು ಕಾಗದದ ಮೇಲೆ ಮರ ಬರೆದು ವಿವರಿಸಿ.
• ಪೇರೆಂಟ್‌ನಿಂದ ವೇಟ್ ತೆಗೆದು, ಅದನ್ನು ಒಂದು ನಿಮಿಷ ಸ್ಲೀಪ್ ಮಾಡಿಸಿ. ಮುಗಿದ ಚೈಲ್ಡ್ ಪ್ರೊಸೆಸ್ ಪಟ್ಟಿಯಲ್ಲಿ ‘ಜಾಂಬಿ’ಯಾಗಿ ಕೂತಿರುತ್ತದೆ.
• ಪ್ರೊಡ್ಯೂಸರ್‌ನಲ್ಲಿ ಮ್ಯೂಟೆಕ್ಸ್ ಮೊದಲು ಹಿಡಿದು, ಖಾಲಿ ಜಾಗಕ್ಕೆ ಆಮೇಲೆ ಕಾಯುವಂತೆ ಸಾಲು ಅದಲುಬದಲು ಮಾಡಿ. ಬಫರ್ ತುಂಬಿದ ಕ್ಷಣ ಎಲ್ಲವೂ ನಿಂತುಹೋಗುತ್ತದೆ. ದರ್ಶಿನಿಯ ಕೌಂಟರ್ ತುಂಬಾ ದೋಸೆ ತಟ್ಟೆಗಳಿವೆ; ಜಾಗ ಖಾಲಿಯಾಗಲಿ ಎಂದು ಭಟ್ಟರು ಕೌಂಟರ್‌ಗೇ ಅಡ್ಡ ನಿಂತಿದ್ದಾರೆ. ತಟ್ಟೆ ಎತ್ತಿಕೊಳ್ಳಬೇಕಾದ ಗಿರಾಕಿ ಅವರ ಹಿಂದೆ. ಡೆಡ್‌ಲಾಕ್ ಎಂದರೆ ಇದೇ.

ರೆಕಾರ್ಡ್‌ನಲ್ಲಿ ಸರಿಯಾದ ಔಟ್‌ಪುಟ್ ಜೊತೆಗೆ ಹೀಗೆ ಕೆಡಿಸಿ ಕಂಡದ್ದನ್ನೂ ಎರಡು ಸಾಲು ಬರೆಯಿರಿ. ಪಕ್ಕದವರ ರೆಕಾರ್ಡ್‌ನಲ್ಲಿ ಅದು ಇರುವುದಿಲ್ಲ.

ಹೆಜ್ಜೆ 5: ಸಹಾಯ ಎಲ್ಲಿಯವರೆಗೆ, ನಕಲು ಎಲ್ಲಿಂದ?

ಗೆಳೆಯರ ಜೊತೆ ಬೋರ್ಡ್ ಮುಂದೆ ನಿಂತು ಅಲ್ಗಾರಿದಂ ಚರ್ಚಿಸುವುದು ಸಹಾಯ. ಸೀನಿಯರ್ ಕೊಟ್ಟ ಪೆನ್‌ಡ್ರೈವ್‌ನಿಂದ ಫೈಲ್ ಎತ್ತಿಕೊಂಡು ಯುಎಸ್‌ಎನ್ ಬದಲಿಸುವುದು ನಕಲು. ಚರ್ಚೆ ಮುಗಿದ ಮೇಲೆ ಕೋಡ್ ಅನ್ನು ಒಬ್ಬರೇ ಕೂತು ಬರೆಯಿರಿ. ಯಾರಿಂದ ಯಾವ ಸಹಾಯ ಪಡೆದಿರೆಂದು ಕೋಡ್‌ನ ತಲೆಯಲ್ಲೇ ಒಂದು ಸಾಲು ಕಾಮೆಂಟ್ ಹಾಕಿದರೆ ಮಾನ ಹೋಗದು, ಉಳಿಯುತ್ತದೆ.

ವೇರಿಯೇಬಲ್ ಹೆಸರು ಬದಲಿಸಿದರೆ ಗೊತ್ತಾಗದು ಎಂಬ ನಂಬಿಕೆ ಹಳೆಯದು. ಅಲೆಕ್ಸ್ ಐಕೆನ್ ರೂಪಿಸಿದ ‘ಮಾಸ್’ ಎಂಬ ತಂತ್ರಾಂಶ 1994ರಿಂದಲೂ ಪ್ರೋಗ್ರಾಂಗಳ ರಚನೆ ಹೋಲಿಸಿ ಸಾಮ್ಯ ತೋರಿಸುತ್ತಿದೆ. ಅದರ ಮುಂದೆ ಹೆಸರು ಬದಲಿಸಿದ್ದು ಲೆಕ್ಕಕ್ಕಿಲ್ಲ. ಎಐ ಚಾಟ್‌ಬಾಟ್ ಬಳಸಬಹುದೇ ಎಂಬುದನ್ನು ನಿಮ್ಮ ಅಧ್ಯಾಪಕರಲ್ಲೇ ಕೇಳಿ. ಅವರು ಒಪ್ಪಿದರೂ ನಿಮ್ಮ ಪರೀಕ್ಷೆ ನೀವೇ ಮಾಡಿಕೊಳ್ಳಿ: ಫೈಲ್ ಮುಚ್ಚಿ, ಖಾಲಿ ಪರದೆಯಲ್ಲಿ ಅದೇ ಪ್ರೋಗ್ರಾಂ ಬರೆಯಲು ಬರುತ್ತದೆಯೇ? ಲ್ಯಾಬ್ ಟೆಸ್ಟ್ ದಿನ ಎದುರಾಗುವುದು ಅದೇ ಖಾಲಿ ಪರದೆ.

ಹೆಜ್ಜೆ 6: ಪರೀಕ್ಷೆಯ ಮೂರು ಗಂಟೆ

ಪ್ರಶ್ನೆಪತ್ರಿಕೆಯಲ್ಲಿ ತಲಾ 20 ಅಂಕದ ಹತ್ತು ಪ್ರಶ್ನೆಗಳು. ಪ್ರತಿ ಮಾಡ್ಯೂಲ್‌ಗೆ ಎರಡರಂತೆ. ಒಂದೊಂದು ಮಾಡ್ಯೂಲ್‌ನಿಂದ ಒಂದೊಂದು ಪೂರ್ಣ ಪ್ರಶ್ನೆ ಉತ್ತರಿಸಬೇಕು. ಹೀಗಾಗಿ ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೆ 20 ಅಂಕ ಹೋದಂತೆ. 180 ನಿಮಿಷವನ್ನು ಐದರಿಂದ ಭಾಗಿಸಿದರೆ ಪ್ರಶ್ನೆಗೆ 36 ನಿಮಿಷ; ಓದಲು, ಪುನಃ ನೋಡಲು ಸಮಯ ಬೇಕಾದ್ದರಿಂದ 33ಕ್ಕೆ ನಿಲ್ಲಿಸಿ.

ಶೆಡ್ಯೂಲಿಂಗ್, ಬ್ಯಾಂಕರ್ಸ್, ಪೇಜ್ ರಿಪ್ಲೇಸ್‌ಮೆಂಟ್ ಲೆಕ್ಕಗಳಲ್ಲಿ ಹಂತಗಳನ್ನು ಬಿಡಬೇಡಿ. ಗ್ಯಾಂಟ್ ಚಾರ್ಟ್, ಪ್ರತಿ ಪ್ರೊಸೆಸ್‌ನ ಕಾಯುವ ಸಮಯ, ಕೊನೆಗೆ ಸರಾಸರಿ, ಹೀಗೆ ಕ್ರಮವಾಗಿ ಬರೆಯಿರಿ. 1, 2, 3, 4, 1, 2, 5, 1, 2, 3, 4, 5 ಎಂಬ ಪೇಜ್ ಸರಣಿಯನ್ನು ಫೀಫೋ ವಿಧಾನದಲ್ಲಿ ಒಮ್ಮೆ ಬಿಡಿಸಿ ನೋಡಿ. ಮೂರು ಫ್ರೇಮ್‌ಗೆ 9 ಪೇಜ್ ಫಾಲ್ಟ್, ನಾಲ್ಕು ಫ್ರೇಮ್‌ಗೆ 10! ಮೆಮೊರಿ ಹೆಚ್ಚಿದರೂ ಫಾಲ್ಟ್ ಹೆಚ್ಚುವ ಈ ಬೆಲಾಡಿ ವೈಚಿತ್ರ್ಯವನ್ನು ಕೈಯಾರೆ ಕಂಡವರು ಮರೆಯುವುದಿಲ್ಲ.

ಸಿಲಬಸ್ ಸೂಚಿಸುವ ಸಿಲ್ಬರ್‌ಷಾಟ್ಜ್, ಗ್ಯಾಲ್ವಿನ್, ಗಾನ್ಯೆ ಪುಸ್ತಕ ಭಾರವೆನಿಸಿದರೆ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅರ್ಪಾಚಿ-ದುಸೋ ದಂಪತಿ ಬರೆದ ‘ಆಪರೇಟಿಂಗ್ ಸಿಸ್ಟಮ್ಸ್: ತ್ರೀ ಈಸಿ ಪೀಸಸ್’ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಓದಿ ಅರ್ಥ ಮಾಡಿಕೊಳ್ಳಲು ಇದು, ಪರೀಕ್ಷೆಯ ಪರಿಭಾಷೆಗೆ ಸಿಲಬಸ್‌ನ ಪುಸ್ತಕ.

ಹಿಂದೆ ಬಿದ್ದಿದ್ದರೆ

ಎರಡು ವಾರದ ಬಾಕಿ ಉಳಿದಿದೆಯೇ? ಪಠ್ಯದಲ್ಲೇ ಒಂದು ಲೆಕ್ಕವಿದೆ. 24, 3, 3 ಮಿಲಿಸೆಕೆಂಡ್ ಬೇಕಾದ ಮೂರು ಪ್ರೊಸೆಸ್‌ಗಳನ್ನು ಬಂದ ಸಾಲಿನಲ್ಲೇ ನಡೆಸಿದರೆ ಸರಾಸರಿ ಕಾಯುವ ಸಮಯ 17. ಚಿಕ್ಕವನ್ನು ಮುಂದೆ ಬಿಟ್ಟರೆ 3. ನೀವೂ ಮೊದಲು ಅರ್ಧ ಗಂಟೆಯ ರೆಕಾರ್ಡ್ ಪುಟಗಳನ್ನು, ಸಹಿಗಳನ್ನು ಮುಗಿಸಿ. ಆದರೆ ಅದೇ ಅಧ್ಯಾಯದ ಮುಂದಿನ ಪುಟವನ್ನೂ ಓದಿ: ಚಿಕ್ಕ ಕೆಲಸಗಳು ಬರುತ್ತಲೇ ಇದ್ದರೆ ದೊಡ್ಡದಕ್ಕೆ ಸರದಿಯೇ ಬರದೆ ಅದು ಉಪವಾಸ ಬೀಳುತ್ತದೆ. ಸೆಮಾಫೋರ್ ಪ್ರೋಗ್ರಾಂನಂಥ ದೊಡ್ಡ ಕೆಲಸಕ್ಕೆ ಬೇಕಾದ ಮೂರು ಗಂಟೆಗೆ ಒಂದು ಭಾನುವಾರವನ್ನು ಈಗಲೇ ಗುರುತು ಮಾಡಿ, ಸೋಮವಾರ ಅಧ್ಯಾಪಕರಿಗೆ ತೋರಿಸುತ್ತೇನೆಂದು ಹೇಳಿಬಿಡಿ.