ಹೌಸ್ ಸಂಗೀತಕ್ಕೆ ಮೊದಲ ವಾದ್ಯ

ಹೌಸ್ ಸಂಗೀತ 1980ರ ದಶಕದಲ್ಲಿ ಅಮೆರಿಕದ ಶಿಕಾಗೊದ ಕ್ಲಬ್‌ಗಳಲ್ಲಿ ಹುಟ್ಟಿತು. ನಿಮಿಷಕ್ಕೆ ಸುಮಾರು 120ರಿಂದ 130 ಬಡಿತ, ನಾಲ್ಕೂ ಎಣಿಕೆಗೆ ಕಿಕ್ ಡ್ರಮ್ಮಿನ ಪೆಟ್ಟು ಅದರ ಲಕ್ಷಣ. ಹೀಗಾಗಿ ಹೊಸಬರು ಮೊದಲು ನೋಡಬೇಕಾದದ್ದು ಕೀಗಳ ಸಂಖ್ಯೆಯನ್ನಲ್ಲ, ಸೀಕ್ವೆನ್ಸರನ್ನು. ಒಂದು ಆವರ್ತವನ್ನು 16 ಹೆಜ್ಜೆಗಳಾಗಿ ಒಡೆದು, ಬೇಕಾದಲ್ಲಿ ಪೆಟ್ಟು ಕೂರಿಸುವ ವ್ಯವಸ್ಥೆ ಅದು. 1983ರ ಡ್ರಮ್ ಮಶಿನ್ ರೋಲ್ಯಾಂಡ್ ಟಿಆರ್-909 ಹೆಸರಾಗಲು ಇದೂ ಒಂದು ಕಾರಣ.

ಆರ್ಕೆಸ್ಟ್ರಾಗಳ ರಿದಂ ಪ್ಯಾಡ್ ಕೈಯಲ್ಲಿ ಬಾರಿಸಲು ಚೆನ್ನ, ಸೀಕ್ವೆನ್ಸರ್ ಇಲ್ಲದಿದ್ದರೆ ಹೌಸ್‌ಗೆ ಸಾಲದು. ಕಂಪ್ಯೂಟರ್ ಇದ್ದವರಿಗೆ 25 ಕೀಗಳ ಮಿಡಿ ಕೀಬೋರ್ಡ್ ಸಾಕು. ಅದಕ್ಕೆ ದನಿ ಕೊಡುವುದು ತಂತ್ರಾಂಶ. ಕಂಪ್ಯೂಟರ್ ಇಲ್ಲದವರಿಗೆ ಡ್ರಮ್, ಬೇಸ್, ಸ್ಯಾಂಪಲ್ ಒಂದರಲ್ಲೇ ಸಿಗುವ ಗ್ರೂವ್‌ಬಾಕ್ಸ್ ಲೇಸು. ಹಳ್ಳಿಗಳ ತೋಟದ ಮನೆಗಳಿಗೆ, ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುವಂಥದ್ದೇ ಅನುಕೂಲ.