ಗಿಡುಗದ ತೂಕ, ಗಿಡುಗದ ಜಾಡು

ಪಳಗಿಸಿದ ಬೇಟೆ ಗಿಡುಗವನ್ನು ಕೈಗವಸಿನ ಮೇಲಿಂದ ಹಾರಬಿಟ್ಟ ಮೇಲೆ ಅದನ್ನು ಪಾಲಕನಿಗೆ ಕಟ್ಟಿಹಾಕುವ ದಾರವಾಗಲಿ ಸರಪಳಿಯಾಗಲಿ ಉಳಿದಿರುವುದಿಲ್ಲ. ಆ ಕೈಯಲ್ಲಿ ಆಹಾರ ಸಿಗುತ್ತದೆ ಎಂಬ ಅನುಭವ ಮತ್ತು ಆ ಹೊತ್ತಿಗೆ ಆಹಾರ ಬೇಕೆನಿಸುವ ದೇಹಸ್ಥಿತಿ ಇವೆರಡೂ ಕೂಡಿದಾಗ ಮಾತ್ರ ಅದು ಮರಳಿ ಬರುತ್ತದೆ. ಆದ್ದರಿಂದ ಈ ವಿದ್ಯೆಯ ದಿನಚರಿ ತಕ್ಕಡಿಯಿಂದ ಆರಂಭವಾಗುತ್ತದೆ. ಕಾಲಿಗೋ ಬಾಲಕ್ಕೋ ಬೆನ್ನಿಗೋ ಕಟ್ಟುವ ಪುಟ್ಟ ರೇಡಿಯೊ ಉಪಕರಣ ಎಷ್ಟೇ ನಿಖರವಾಗಿದ್ದರೂ ಅದು ಎರಡನೆಯ ರಕ್ಷಣೆಯೇ ಹೊರತು ಮೊದಲನೆಯದಾಗಲಾರದು. ತೂಕ ಮೀರಿದ ದಿನ ಹಾರಿಸುವುದೇ ಹಕ್ಕಿ ಕೈತಪ್ಪಿ ಹೋಗಲು ಅತಿ ಸಾಮಾನ್ಯವಾದ ಕಾರಣ. ಉಪಕರಣವಿದೆ ಎಂಬ ಧೈರ್ಯದಲ್ಲಿ ತೂಕದ ಲೆಕ್ಕವನ್ನು ಸಡಿಲಬಿಡುವವನು ಎರಡರ ಪ್ರಯೋಜನವನ್ನೂ ಕಳೆದುಕೊಳ್ಳುತ್ತಾನೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸರ ವಿನೋದಗಳ ಸಾಲಿನಲ್ಲಿ ಶ್ಯೇನವಿನೋದವನ್ನು, ಅಂದರೆ ಡೇಗೆ ಮತ್ತು ಗಿಡುಗಗಳ ಬೇಟೆಯನ್ನು, ಸೇರಿಸಿಕೊಂಡಿದೆ, ಹಾಗಾಗಿ ಕನ್ನಡ ನಾಡಿಗೆ ಈ ವಿದ್ಯೆ ಅಪರಿಚಿತವಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಭಾರತದಲ್ಲಿ ಕಾಡಿನ ಹಿಂಸ್ರಪಕ್ಷಿಗಳನ್ನು ಹಿಡಿಯುವುದೂ ಅವುಗಳಿಂದ ಬೇಟೆಯಾಡಿಸುವುದೂ ನಿಷಿದ್ಧವಾಗಿದ್ದು, ಈ ಲೇಖನದ ವಿವರಗಳು ಕಾನೂನಿನ ಸಮ್ಮತಿಯಿರುವ ನಾಡುಗಳಿಗಷ್ಟೇ ಅನ್ವಯಿಸುತ್ತವೆ. ಬ್ರಿಟನ್ನಿನಲ್ಲಿ ಪಂಜರದಲ್ಲೇ ಹುಟ್ಟಿ ಬೆಳೆದ ಹಕ್ಕಿಗಳನ್ನು ಬೇಟೆಗೆ ಬಳಸಲು ಅವಕಾಶವಿದೆ. ಅಲ್ಲಿ ಹೆಚ್ಚು ಪ್ರಚಾರದಲ್ಲಿರುವ ಹ್ಯಾರಿಸ್ ಗಿಡುಗವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಅಮೆರಿಕದ ನೈರುತ್ಯ ಭಾಗದ ಮರುಭೂಮಿಯಿಂದ ದಕ್ಷಿಣ ಅಮೆರಿಕದವರೆಗೆ ಹರಡಿರುವ ಈ ಹಕ್ಕಿ ಕುಟುಂಬವಾಗಿ ಕೂಡಿ ಬೇಟೆಯಾಡುವ ಸ್ವಭಾವದ್ದಾದ ಕಾರಣ ಮನುಷ್ಯನ ಜೊತೆಗೂ ಬೇಗ ಹೊಂದಿಕೊಳ್ಳುತ್ತದೆ.

ತಕ್ಕಡಿಯ ಕ್ರಮ

ಮೊದಲು ಬೇಕಾಗುವುದು ಒಂದೊಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ, ಮೇಲೆ ಹಕ್ಕಿ ಕೂರಲು ಅಡ್ಡಗೋಲು ಜೋಡಿಸಿದ ಡಿಜಿಟಲ್ ತಕ್ಕಡಿ ಮತ್ತು ಒಂದು ದಾಖಲೆ ಪುಸ್ತಕ. ಅಮೆರಿಕದ ಕೇಂದ್ರ ಸರ್ಕಾರದ ನಿಯಮಗಳು ಪರವಾನಗಿ ಬಯಸುವವರ ಬಳಿ ಇರಲೇಬೇಕಾದ ಸಾಮಗ್ರಿಗಳಲ್ಲಿ ತಕ್ಕಡಿಯನ್ನೂ ಎಣಿಸಿರುವುದು ಅದರ ಮಹತ್ವಕ್ಕೆ ಸಾಕ್ಷಿ. ಪ್ರತಿದಿನ ಒಂದೇ ಹೊತ್ತಿನಲ್ಲಿ, ಒಂದೇ ಬಗೆಯ ಕಾಲ್ಪಟ್ಟಿ ಮತ್ತು ಗೆಜ್ಜೆಗಳಿರುವಾಗ, ಆಹಾರ ಕೊಡುವ ಮೊದಲು ತೂಗಬೇಕು. ಗಿಡುಗವು ತಿಂದ ಆಹಾರದಲ್ಲಿ ಜೀರ್ಣವಾಗದ ಗರಿ ಮತ್ತು ತುಪ್ಪಳವನ್ನು ಮರುದಿನ ಉಂಡೆಯಾಗಿ ಬಾಯಿಯಿಂದ ಹೊರಹಾಕುತ್ತದೆ. ಆ ಉಂಡೆ ಬೀಳುವ ಮುನ್ನ ತೂಗಿದರೆ ಲೆಕ್ಕ ಕೆಲವು ಗ್ರಾಂಗಳಷ್ಟು ತಪ್ಪುತ್ತದೆ, ಅದು ಬೀಳುವ ಮುನ್ನ ಹಾರಿಸುವುದಂತೂ ಸಲ್ಲದು. ತೂಕದ ಜೊತೆಗೆ ಹಿಂದಿನ ದಿನ ಕೊಟ್ಟ ಆಹಾರದ ಬಗೆ ಮತ್ತು ಪ್ರಮಾಣ, ರಾತ್ರಿಯ ಚಳಿ, ಕರೆಗೆ ಹಕ್ಕಿ ಎಷ್ಟು ಬೇಗ ಓಗೊಟ್ಟಿತು ಎಂಬುದನ್ನೂ ಬರೆದಿಡಬೇಕು. ಬರೀ ತೂಕವಿರುವ ಪುಟದಿಂದ ಮುಂದೆ ಏನನ್ನೂ ಕಲಿಯಲಾಗುವುದಿಲ್ಲ.

ಹಾರಾಟದ ತೂಕವೆಂದರೆ ಹಕ್ಕಿಯು ಪೂರ್ಣ ಬಲದಿಂದ ಹಾರುತ್ತ, ಬೇಟೆಯಲ್ಲಿ ಆಸಕ್ತಿ ತೋರುತ್ತ, ಕರೆದಾಗ ತಡವಿಲ್ಲದೆ ಬರುವ ತೂಕ. ಗಂಡು ಹ್ಯಾರಿಸ್ ಗಿಡುಗವು ಹೊಟ್ಟೆತುಂಬ ಉಂಡು ಗರಿ ಉದುರುವ ಕಾಲವನ್ನು ಮುಗಿಸಿದಾಗ 710 ಗ್ರಾಂ ತೂಗುತ್ತಿದ್ದರೆ ಅದರ ಹಾರಾಟದ ತೂಕ 620 ಗ್ರಾಂ ಆಸುಪಾಸಿನಲ್ಲಿರಬಹುದು. ಹೆಣ್ಣು ಗಂಡಿಗಿಂತ ಬಹಳ ದೊಡ್ಡದಾದ್ದರಿಂದ ಅದರ ಲೆಕ್ಕವೇ ಬೇರೆ. ಈ ಅಂಕಿಯನ್ನು ಯಾವ ಪುಸ್ತಕದಿಂದಲೂ ಎತ್ತಿಕೊಳ್ಳಲು ಬರುವುದಿಲ್ಲ, ಏಕೆಂದರೆ ಒಂದೇ ಗೂಡಿನ ಎರಡು ಗಂಡುಗಳಿಗೂ ಬೇರೆ ಬೇರೆ ತೂಕ ಸರಿಹೊಂದಬಹುದು.

ಆ ತೂಕವನ್ನು ಕಂಡುಕೊಳ್ಳುವ ದಾರಿ ನಿಧಾನದ್ದು. ಆಹಾರವನ್ನು ತುಸುತುಸುವೇ ಕಡಿಮೆ ಮಾಡುತ್ತ, ದಿನಕ್ಕೆ ಹತ್ತು ಹದಿನೈದು ಗ್ರಾಂಗಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳುತ್ತ, ಪ್ರತಿದಿನ ಹಕ್ಕಿಯನ್ನು ಕೈಗವಸಿಗೆ ಕರೆಯಬೇಕು. ಮೊದಲು ಒಂದು ಮಾರು ದೂರದಿಂದ, ಅನಂತರ ಕಾಲಿಗೆ ಉದ್ದನೆಯ ಹಗುರ ದಾರ ಕಟ್ಟಿ ಹತ್ತಾರು ಮೀಟರ್ ದೂರದಿಂದ ಕರೆದಾಗ, ಯಾವ ತೂಕದಲ್ಲಿ ಅದು ಒಡನೆಯೇ, ದಿನ ಬಿಡದೆ, ಅಪರಿಚಿತ ಜಾಗದಲ್ಲೂ ಬರುತ್ತದೆಯೋ ಅಲ್ಲಿ ಇಳಿಕೆಯನ್ನು ನಿಲ್ಲಿಸಬೇಕು. ಅದಕ್ಕಿಂತ ಕೆಳಗೆ ಹೋಗಿ ಇನ್ನಷ್ಟು ವಿಧೇಯತೆ ಪಡೆಯಬಹುದೆಂಬ ಆಸೆ ಅಪಾಯಕಾರಿ. ಅನುಭವಿಗಳು ಇಲ್ಲಿಂದ ಮುಂದೆ ತೂಕವನ್ನು ಮೆಲ್ಲಗೆ ಏರಿಸುತ್ತ ಹೋಗುತ್ತಾರೆ. ಪಾಲಕನಲ್ಲಿ ನಂಬಿಕೆ ಬೆಳೆದಂತೆ ಹಕ್ಕಿ ಹೆಚ್ಚಿನ ತೂಕದಲ್ಲೂ ಬರತೊಡಗುತ್ತದೆ, ದಿನವೂ ಹಾರಿದಂತೆ ಕೊಬ್ಬಿನ ಬದಲು ಸ್ನಾಯು ತುಂಬಿಕೊಳ್ಳುತ್ತದೆ. ಸೆಪ್ಟೆಂಬರಿನಲ್ಲಿ 620 ಗ್ರಾಂ ಇದ್ದ ಹಾರಾಟದ ತೂಕ ಜನವರಿಯಲ್ಲಿ 645 ಆಗಿದ್ದರೆ ಅದು ಒಳ್ಳೆಯ ಪಾಲನೆಯ ಗುರುತು. ಅತ್ಯಂತ ಕಡಿಮೆ ತೂಕದಲ್ಲಿ ಹಾರಿಸುವವನಿಗಿಂತ, ಸಾಧ್ಯವಾದಷ್ಟು ಹೆಚ್ಚಿನ ತೂಕದಲ್ಲಿ ಹಾರಿಸಿಯೂ ಹಕ್ಕಿಯನ್ನು ಮರಳಿ ಪಡೆಯುವವನೇ ನಿಜವಾದ ನಿಪುಣ.

ತಕ್ಕಡಿ ಹೇಳುವುದನ್ನು ಕೈಯಿಂದ ಒರೆಹಚ್ಚಬೇಕು. ಹಕ್ಕಿಯ ಎದೆಯ ನಡುವೆ ಉದ್ದಕ್ಕೆ ಚಾಚಿರುವ ಮೂಳೆಯ ಏಣಿನ ಮೇಲೆ ಎರಡು ಬೆರಳಿಟ್ಟು ಸವರಿದರೆ ಅದರ ಎರಡೂ ಬದಿಯ ಸ್ನಾಯು ತಿಳಿಯುತ್ತದೆ. ಏಣು ಬೆರಳಿಗೆ ಸಿಗುತ್ತಿದ್ದು ಪಕ್ಕದ ಸ್ನಾಯು ಉಬ್ಬಿ ಗಟ್ಟಿಯಾಗಿದ್ದರೆ ಸ್ಥಿತಿ ಸರಿಯಾಗಿದೆ, ಏಣು ಚೂಪಾಗಿ ಎದ್ದು ಇಕ್ಕೆಲದಲ್ಲಿ ತಗ್ಗು ಬಿದ್ದಿದ್ದರೆ ತಕ್ಕಡಿ ಏನೇ ತೋರಿಸಲಿ ಹಕ್ಕಿ ಸೊರಗಿದೆ, ಏಣೇ ಸಿಗದಂತೆ ಎದೆ ಮೆತ್ತಗಿದ್ದರೆ ಕೊಬ್ಬು ಏರಿದೆ. ಗರಿ ಉಬ್ಬಿಸಿಕೊಂಡು ಕಣ್ಣು ಅರೆಮುಚ್ಚಿ ಕೂರುವುದು, ಕೈಗವಸಿನ ಮೇಲೆ ಉಗುರುಗಳ ಹಿಡಿತ ಸಡಿಲವಾಗುವುದು, ಹಿಕ್ಕೆ ಹಸಿರು ಬಣ್ಣಕ್ಕೆ ತಿರುಗುವುದು ಇವೆಲ್ಲ ತೂಕ ಅತಿಯಾಗಿ ಇಳಿದಿರುವುದರ ಅಥವಾ ರೋಗದ ಸೂಚನೆಗಳು. ಇವು ಕಂಡ ದಿನ ಹಾರಾಟವನ್ನು ಕೈಬಿಟ್ಟು ಪಕ್ಷಿವೈದ್ಯರನ್ನು ಕಾಣಬೇಕು. ಹಾಗೆ ಸೊರಗಿದ ಹಕ್ಕಿಗೆ ಕನಿಕರದಿಂದ ಒಮ್ಮೆಗೇ ಗಂಟಲಚೀಲ ತುಂಬುವಷ್ಟು ಮಾಂಸ ಕೊಡಬಾರದು. ಜೀರ್ಣಿಸಿಕೊಳ್ಳುವ ಶಕ್ತಿಯಿಲ್ಲದೆ ಆ ಮಾಂಸ ಚೀಲದಲ್ಲೇ ಕೊಳೆತು ವಿಷವಾಗುತ್ತದೆ. ಮರಿಹಕ್ಕಿಗೆ ಗರಿ ಬೆಳೆಯುವ ಕಾಲದಲ್ಲಿ ಹಸಿವಾದರೆ ಗರಿಗಳಲ್ಲಿ ಅಡ್ಡಗೆರೆಗಳು ಮೂಡಿ ಮುಂದೆ ಅಲ್ಲಿಯೇ ಮುರಿಯುತ್ತವೆ. ಆದ್ದರಿಂದ ಆ ಕಾಲದಲ್ಲಿ ತೂಕ ಇಳಿಸುವ ಪ್ರಶ್ನೆಯೇ ಇಲ್ಲ.

ಆಹಾರದ ಬಗೆಯೂ ಲೆಕ್ಕಕ್ಕೆ ಸೇರುತ್ತದೆ. ಒಂದು ದಿನದ ಕೋಳಿಮರಿ ಸುಮಾರು 35ರಿಂದ 40 ಗ್ರಾಂ ತೂಗುತ್ತದೆ; ಅಷ್ಟೇ ತೂಕದ ಗೌಜಲಕ್ಕಿಯ ಮಾಂಸ ಅದಕ್ಕಿಂತ ಹೆಚ್ಚು ಪುಷ್ಟಿಕರವಾದ್ದರಿಂದ ಒಂದರ ಬದಲು ಇನ್ನೊಂದನ್ನು ಸಮತೂಕದಲ್ಲಿ ಕೊಟ್ಟರೆ ಮರುದಿನದ ಅಂಕಿ ಏರಿರುತ್ತದೆ. ಬಂದೂಕಿನಿಂದ ಹೊಡೆದ ಪ್ರಾಣಿಯ ಮಾಂಸದಲ್ಲಿ ಸೀಸದ ಚೂರಿರಬಹುದಾದ್ದರಿಂದ ಅದನ್ನು ಕೊಡಲೇಬಾರದು. ರಾತ್ರಿಯ ತಾಪಮಾನ ಸೊನ್ನೆಗಿಂತ ಕೆಳಗಿಳಿದರೆ ದೇಹವನ್ನು ಬೆಚ್ಚಗಿಡಲೆಂದೇ ಹಕ್ಕಿ ಹೆಚ್ಚು ಉರಿಸುತ್ತದೆ. ಆಗ ಆಹಾರ ಹೆಚ್ಚಿಸದಿದ್ದರೆ ಸಂಜೆ ಸರಿಯಾಗಿದ್ದ ತೂಕ ಬೆಳಗಾಗುವಷ್ಟರಲ್ಲಿ ಅಪಾಯದ ಗೆರೆ ದಾಟಿರುತ್ತದೆ. ಬೆಚ್ಚನೆಯ ನಾಡಿನ ಹ್ಯಾರಿಸ್ ಗಿಡುಗಕ್ಕೆ ಇಂಥ ಹಿಮದ ರಾತ್ರಿಗಳಲ್ಲಿ ರೆಕ್ಕೆಯ ತುದಿ ಊದಿ, ಆ ಭಾಗವೇ ಸತ್ತು ಗರಿಗಳು ಬಿದ್ದುಹೋಗುವ ತೊಂದರೆ ಬರುವುದುಂಟು. ಸಂಜೆ ಸ್ನಾನ ಮಾಡಿ ನೆನೆದ ಹಕ್ಕಿಯನ್ನು ಹೊರಗೆ ಬಿಡದೆ ಹಿಮ ತಾಗದ ಕೋಣೆಯಲ್ಲಿಡುವುದು ಅಗತ್ಯ.

ಜಾಡು ಹಿಡಿಯುವ ಉಪಕರಣ

ರೇಡಿಯೊ ಬರುವ ಮೊದಲು ಈ ಕೆಲಸವನ್ನು ಮಾಡುತ್ತಿದ್ದುದು ಕಾಲಿಗೆ ಕಟ್ಟಿದ ಗೆಜ್ಜೆ. ಲಾಹೋರಿನ ಗೆಜ್ಜೆಗಳ ಹೆಸರು ಪಶ್ಚಿಮದ ಬೇಟೆಗಾರರ ನಡುವೆ ಇಂದಿಗೂ ಉಳಿದಿದೆ, ಮತ್ತು ಪೊದೆಯೊಳಗೆ ಬೇಟೆಯ ಮೇಲೆ ಕೂತ ಹಕ್ಕಿಯನ್ನು ಹತ್ತಿರದಿಂದ ಪತ್ತೆಹಚ್ಚಲು ಗೆಜ್ಜೆಗಿಂತ ಸರಳವಾದದ್ದು ಈಗಲೂ ಇಲ್ಲ. ದೂರದ ಹುಡುಕಾಟಕ್ಕೆ ಮಾತ್ರ ಟ್ರಾನ್ಸ್‌ಮಿಟರ್ ಬೇಕು. ಅದು ಒಂದು ನಿಗದಿತ ತರಂಗಾಂತರದಲ್ಲಿ ಮಿಡಿತಗಳನ್ನು ಕಳಿಸುತ್ತಿರುತ್ತದೆ, ಪಾಲಕನ ಕೈಯ ರಿಸೀವರ್ ಅವನ್ನು ಸದ್ದಾಗಿ ಕೇಳಿಸುತ್ತದೆ. ಬ್ರಿಟನ್ನಿನಲ್ಲಿ 173 ಮೆಗಾಹರ್ಟ್ಸ್, ಯುರೋಪಿನಲ್ಲಿ 433–434, ಅಮೆರಿಕದಲ್ಲಿ 216ರಿಂದ 220ರ ನಡುವಿನ ತರಂಗಗಳು ಬಳಕೆಯಲ್ಲಿದ್ದು, ಬೇರೆ ದೇಶದ ಉಪಕರಣ ಕೊಳ್ಳುವ ಮುನ್ನ ಅಲ್ಲಿನ ಕಾನೂನಿಗೆ ಅದು ಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕು.

ಹಕ್ಕಿಯ ಮೇಲೆ ಹೇರುವ ಒಟ್ಟು ಭಾರ ಅದರ ತೂಕದ ನೂರಕ್ಕೆ 3ರ ಒಳಗಿರಬೇಕೆಂಬುದು ಸುರಕ್ಷಿತವಾದ ಮಿತಿ. 620 ಗ್ರಾಂ ಗಿಡುಗಕ್ಕೆ ಇದು ಸುಮಾರು 18 ಗ್ರಾಂ ಆಗುವುದರಿಂದ ತೊಂದರೆಯಿಲ್ಲ, ಆದರೆ 200 ಗ್ರಾಂ ತೂಗುವ ಚಿಕ್ಕ ಡೇಗೆಗೆ ಉಳಿಯುವುದು ಆರೇ ಗ್ರಾಂ. ಕಾಲಿಗೆ ಕಟ್ಟುವುದು ಸುಲಭವಾದರೂ ಹಕ್ಕಿ ನೆಲದ ಮೇಲೆ ಕೂತಾಗ ಒದ್ದೆ ಹುಲ್ಲಿನಲ್ಲಿ ಮಿಡಿತ ಕುಗ್ಗುತ್ತದೆ. ಬಾಲದ ನಡುವಿನ ಗರಿಗಳ ಬುಡಕ್ಕೆ ಹಿಡಿಕೆ ಜೋಡಿಸಿ ಸಿಕ್ಕಿಸುವ ಕ್ರಮದಲ್ಲಿ ಗರಿ ಉದುರಿದರೆ ಉಪಕರಣವೂ ಬೀಳುತ್ತದೆ. ಟೆಫ್ಲಾನ್ ಪಟ್ಟಿಗಳಿಂದ ಬೆನ್ನಿಗೆ ಕೂರಿಸುವುದು ಎಲ್ಲಕ್ಕಿಂತ ಭದ್ರವಾದರೂ ಅದನ್ನು ಮೊದಲ ಸಲ ತಿಳಿದವರೇ ಕಟ್ಟಬೇಕು, ಏಕೆಂದರೆ ಪಟ್ಟಿ ಬಿಗಿಯಾದರೆ ಎದೆಯ ಸ್ನಾಯು ಕೊಯ್ಯುತ್ತದೆ, ಸಡಿಲವಾದರೆ ರೆಕ್ಕೆಯೋ ಕೊಕ್ಕೋ ಸಿಕ್ಕಿಕೊಳ್ಳುತ್ತದೆ. ಉಪಗ್ರಹದಿಂದ ತನ್ನ ಜಾಗ ತಿಳಿದುಕೊಂಡು ಅದನ್ನು ರೇಡಿಯೊ ಮೂಲಕ ಪಾಲಕನ ಮೊಬೈಲ್ ನಕ್ಷೆಗೆ ತಲುಪಿಸುವ ಜಿಪಿಎಸ್ ಟ್ರಾನ್ಸ್‌ಮಿಟರ್‌ಗಳು ಹುಡುಕಾಟವನ್ನು ಬಹಳ ಹಗುರಗೊಳಿಸಿವೆ. ಆದರೂ ಬೆಟ್ಟದ ಮರೆಗೆ ಸರಿದ ಹಕ್ಕಿಯ ಮಾಹಿತಿ ನಿಂತುಹೋದಾಗ ನೆರವಿಗೆ ಬರುವುದು ಹಳೆಯ ಮಿಡಿತದ ರೇಡಿಯೊವೇ ಆದ್ದರಿಂದ, ಭಾರ ಅನುಮತಿಸುವ ಹಕ್ಕಿಗೆ ಎರಡನ್ನೂ ಕಟ್ಟುವುದು ಲೇಸು.

ಹೊರಡುವ ಮೊದಲು ಮನೆಯಲ್ಲೇ ಬ್ಯಾಟರಿ ನೋಡಿ, ಅಯಸ್ಕಾಂತದ ಸ್ವಿಚ್ಚು ತೆಗೆದು, ಮಿಡಿತ ಕೇಳಿಸುತ್ತಿದೆಯೇ ಎಂದು ಪರೀಕ್ಷಿಸಬೇಕು; ಚಳಿಗೆ ತರಂಗಾಂತರ ಕೊಂಚ ಸರಿಯುವುದರಿಂದ ಮೈದಾನಕ್ಕೆ ಹೋದ ಮೇಲೆ ರಿಸೀವರನ್ನು ಮತ್ತೊಮ್ಮೆ ಹೊಂದಿಸಿಕೊಳ್ಳಬೇಕು. ಗೂಡಿನಲ್ಲಿರುವಾಗ ಹಗ್ಗ ಪೋಣಿಸಲು ಅನುಕೂಲವಾಗುವ, ತುದಿಯಲ್ಲಿ ಸೀಳಿರುವ ಕಾಲ್ಪಟ್ಟಿಗಳನ್ನು ತೆಗೆದು ಸೀಳಿಲ್ಲದ ಹಾರಾಟದ ಪಟ್ಟಿಗಳನ್ನು ಹಾಕುವುದನ್ನು ಮರೆಯಲೇಬಾರದು. ಕಳೆದುಹೋದ ಹಕ್ಕಿಯ ಪಟ್ಟಿಯ ಸೀಳಿಗೆ ಕೊಂಬೆಯ ತುದಿ ಸಿಕ್ಕಿದರೆ ಅದು ತಲೆಕೆಳಗಾಗಿ ನೇತಾಡುತ್ತ ಸಾಯುತ್ತದೆ.

ಕಣ್ಮರೆಯಾದಾಗ

ಹಕ್ಕಿ ಮರೆಯಾದ ಕೂಡಲೇ ಓಡಬಾರದು. ಅದು ಕೊನೆಗೆ ಕಂಡ ದಿಕ್ಕನ್ನೂ ಗಾಳಿಯ ದಿಕ್ಕನ್ನೂ ಗುರುತಿಟ್ಟುಕೊಂಡು, ಹತ್ತಿರದ ಎತ್ತರದ ಜಾಗಕ್ಕೆ ಏರಿ, ಹಿಂದೆ ಟಿವಿಗಾಗಿ ಮಾಳಿಗೆಗಳ ಮೇಲೆ ನಿಲ್ಲಿಸುತ್ತಿದ್ದ ಬಗೆಯದೇ ಆದ ಕಡ್ಡಿಗಳ ಯಾಗಿ ಆಂಟೆನಾವನ್ನು ಮೆಲ್ಲನೆ ಸುತ್ತಲೂ ತಿರುಗಿಸಬೇಕು. ಒಂದು ಸುತ್ತು ಕಡ್ಡಿಗಳನ್ನು ಅಡ್ಡಲಾಗಿಯೂ ಇನ್ನೊಂದು ಸುತ್ತು ನೆಟ್ಟಗೂ ಹಿಡಿದು ನೋಡಿ, ಮಿಡಿತ ಗಟ್ಟಿಯಾಗಿ ಕೇಳಿದ ದಿಕ್ಕನ್ನು ನಕ್ಷೆಯ ಮೇಲೆ ಗೆರೆಯಾಗಿ ಎಳೆಯಬೇಕು. ಆಮೇಲೆ ಪಕ್ಕಕ್ಕೆ ಸಾಕಷ್ಟು ದೂರ ಸರಿದು ಇನ್ನೊಂದು ಗೆರೆ ಎಳೆದರೆ ಎರಡೂ ಕೂಡುವಲ್ಲಿ ಹಕ್ಕಿ ಇರುತ್ತದೆ. ಕಣಿವೆಯಲ್ಲೂ ಲೋಹದ ಕಟ್ಟಡಗಳ ಬಳಿಯೂ ಮಿಡಿತ ಪ್ರತಿಫಲಿಸಿ ಸುಳ್ಳು ದಿಕ್ಕು ತೋರಿಸುವುದರಿಂದ ಒಂದೇ ಗೆರೆಯನ್ನು ನಂಬಬಾರದು. ಹತ್ತಿರವಾದಂತೆ ಎಲ್ಲ ದಿಕ್ಕಿನಿಂದಲೂ ಸದ್ದು ಸಮನಾಗಿ ಕೇಳತೊಡಗುತ್ತದೆ. ಆಗ ರಿಸೀವರಿನ ಗ್ರಹಣಶಕ್ತಿಯನ್ನು ಹಂತಹಂತವಾಗಿ ತಗ್ಗಿಸುತ್ತ ಮುಂದುವರಿಯಬೇಕು. ಕಾಗೆಗಳು ಒಂದೆಡೆ ಗುಂಪುಗೂಡಿ ಅರಚುತ್ತಿದ್ದರೆ ಅತ್ತಲೂ ನೋಡುವುದು ಒಳ್ಳೆಯದು, ಅವು ಗಿಡುಗವನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಕತ್ತಲಾದರೆ ಹಕ್ಕಿ ರಾತ್ರಿ ತಂಗಿದ ಮರವನ್ನು ಖಚಿತಪಡಿಸಿಕೊಂಡು, ಮರುದಿನ ಬೆಳಕು ಹರಿಯುವ ಮುನ್ನವೇ ಆಹಾರದೊಂದಿಗೆ ಅದರ ಬುಡದಲ್ಲಿರಬೇಕು. ಸಿಕ್ಕಿದ ಹಕ್ಕಿಯ ಅಂದಿನ ತೂಕವನ್ನೂ, ಹಾರಿಸುವ ಮುಂಚಿನ ತೂಕವನ್ನೂ ಪಕ್ಕಪಕ್ಕ ಬರೆದಿಟ್ಟರೆ ಅದು ಏಕೆ ಹೋಯಿತೆಂಬುದಕ್ಕೆ ಹೆಚ್ಚಿನ ಸಲ ಆ ಪುಟದಲ್ಲೇ ಉತ್ತರವಿರುತ್ತದೆ.

ಕರ್ನಾಟಕದ ಓದುಗರಿಗೆ ಈ ಜ್ಞಾನದಲ್ಲಿ ನೇರವಾಗಿ ಉಪಯೋಗಕ್ಕೆ ಬರುವ ಭಾಗವೊಂದಿದೆ. ಗಾಳಿಪಟದ ದಾರಕ್ಕೆ ಸಿಕ್ಕಿ ಬಿದ್ದ ಹದ್ದು ಅಥವಾ ಗಾಯಗೊಂಡ ಗಿಡುಗ ಕಂಡರೆ ಅದಕ್ಕೆ ಮಾಂಸ ತಿನ್ನಿಸಲು, ಬಾಯಿಗೆ ನೀರು ಹಾಕಲು ಹೋಗಬಾರದು. ದಪ್ಪ ಬಟ್ಟೆ ಹೊದಿಸಿ, ಗಾಳಿಯಾಡಲು ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕೂಡಲೇ ಕರೆ ಮಾಡಬೇಕು.