ಪಾಸಿಂಗ್ ಆದ ಗಾಡಿ ಗಟ್ಟಿ ಗಾಡಿಯೇ?

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಒಣ ಬೇಸಾಯದ ರೈತನ ಮನೆಯಲ್ಲಿ ಜೋಡೆತ್ತು ಇಲ್ಲದಿದ್ದರೂ ಒಂದು ಹಳೇ ಮೋಟಾರ್ ಸೈಕಲ್ ಇರುತ್ತದೆ. ಡೇರಿಗೆ ಹಾಲು ಒಯ್ಯಲಿಕ್ಕೆ ಅದೇ, ಪೇಟೆಯಿಂದ ಗೊಬ್ಬರ ತರಲಿಕ್ಕೆ ಅದೇ, ಅಪರಾತ್ರಿ ಘಟಪ್ರಭಾದ ದವಾಖಾನೆಗೆ ಹೋಗಲಿಕ್ಕೂ ಅದೇ. ಇಂಥ ಬಹಳ ಗಾಡಿಗಳಿಗೆ 15 ವರ್ಷ ದಾಟಿ ಹೋಗಿದೆ. ಆರ್.ಟಿ.ಓ. ಆಫೀಸಿಗೆ ಹೋಗಿ ಬಂದವರು ಹೇಳುವ ಮಾತು ಒಂದೇ: "ಪಾಸಿಂಗ್ ಆಗೇತ್ರಿ, ಇನ್ನ ಐದ ವರ್ಷ ಚಿಂತಿಲ್ಲ."

ಈ ಮಾತು ಅರ್ಧ ಖರೆ. ಕಾಗದದ ಮಟ್ಟಿಗೆ ಐದು ವರ್ಷ ಚಿಂತೆಯಿಲ್ಲ. ಬ್ರೇಕಿನ ಮಟ್ಟಿಗೆ ಹಾಗೆ ಹೇಳಲು ಬರುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. ಇದಕ್ಕೆ ನಮೂನೆ 25ರಲ್ಲಿ ಅರ್ಜಿ. ಅವಧಿ ಮುಗಿಯಲು 60 ದಿನ ಇರುವಾಗಿನಿಂದ ಅರ್ಜಿ ಕೊಡಬಹುದು.

ಮೊದಲು ಫೀ 300 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 1,000 ಆಯಿತು. 2025ರ ಆಗಸ್ಟ್ ತಿಂಗಳ ಆದೇಶದಂತೆ 20 ವರ್ಷ ದಾಟಿದ ಮೋಟಾರ್ ಸೈಕಲ್ಲಿಗೆ 2,000. ಹಸಿರು ತೆರಿಗೆ ಬೇರೆ. ತಡ ಮಾಡಿದರೆ ತಿಂಗಳಿಗೆ 300 ದಂಡ, ಅಂದರೆ ವರ್ಷಕ್ಕೆ 3,600. ಆದ್ದರಿಂದ ಇವತ್ತೇ ಆರ್.ಸಿ. ತೆಗೆದು ತಾರೀಖು ನೋಡಿರಿ.

"15 ವರ್ಷ ಆದ್ರ ಸರ್ಕಾರದವರು ಗುಜರಿಗೆ ಹಾಕ್ತಾರ" ಎಂಬ ಸುದ್ದಿಗೆ ಹೆದರಿ ಬಂದಷ್ಟಕ್ಕೆ ಗಾಡಿ ಮಾರಬೇಡಿರಿ. ಆ ಕಟ್ಟು ಸರ್ಕಾರಿ ಗಾಡಿಗಳಿಗೆ 2023ರಿಂದ ಬಂದದ್ದು. ದಿಲ್ಲಿಯ ಕಟ್ಟಳೆ ದಿಲ್ಲಿಯ ಕಡೆಗೆ. ನಮ್ಮಲ್ಲಿ ರೈತನ ಸ್ವಂತ ಗಾಡಿ ಪರೀಕ್ಷೆಯಲ್ಲಿ ಪಾಸಾದರೆ ಮುಂದೆ ಓಡಿಸಬಹುದು.

ಇನ್ಸ್‌ಪೆಕ್ಟರಿಗೆ ಕಾಣುವುದು, ಕಾಣದ್ದು

ಪರೀಕ್ಷೆಯಲ್ಲಿ ಚಾಸಿ ನಂಬರು, ಎಂಜಿನ್ ನಂಬರು, ದೀಪ, ಹಾರ್ನು, ಇಂಡಿಕೇಟರು, ಕನ್ನಡಿ, ಟಾಯರು, ನಂಬರ್ ಪ್ಲೇಟು, ಬ್ರೇಕು ನೋಡುತ್ತಾರೆ. ಇವೆಲ್ಲ ಹೊರಗಿನಿಂದ ಕಾಣುವಂಥವು. ಗಾಲಿ ಬಿಚ್ಚಿ ಬ್ರೇಕ್ ಲೈನರ್ ಎಷ್ಟು ಉಳಿದಿದೆ, ಬೇರಿಂಗು ಸವೆದಿದೆಯೇ ಎಂದು ನೋಡಲು ಅಲ್ಲಿ ಆಗುವುದಿಲ್ಲ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಮೋಟಾರ್ ಸೈಕಲ್ಲನ್ನು ಪ್ರತಿ ವರ್ಷ ತೋರಿಸಬೇಕು, ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ. ಬ್ರಿಟನ್ನಿನಲ್ಲಿಯೂ ಪರೀಕ್ಷೆ ಮಾಡುವವರು ಗಾಡಿ ಬಿಚ್ಚುವುದಿಲ್ಲ. ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಗಾಡಿ ಅಷ್ಟೂ ದಿನ ಗಟ್ಟಿ ಎಂದು ತಿಳಿಯಬಾರದೆಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ವರ್ಷಕ್ಕೊಮ್ಮೆ ನೋಡುವವರ ಮಾತೇ ಹೀಗಿದ್ದರೆ, ಐದು ವರ್ಷಕ್ಕೊಮ್ಮೆ ತೋರಿಸುವ ನಾವು ಎಷ್ಟು ಎಚ್ಚರ ಇರಬೇಕು?

ಹೊಗೆ ತಪಾಸಣೆಯದೂ ಇದೇ ಹಣೆಬರಹ. 2000ದ ಏಪ್ರಿಲ್ 1ರ ನಂತರ ತಯಾರಾದ, ಬಿ.ಎಸ್. 4ಕ್ಕಿಂತ ಹಿಂದಿನ ಗಾಡಿಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 3.5ರ ಒಳಗಿರಬೇಕು. ಈ ಚೀಟಿ ಎಂಜಿನ್ನಿನ ಉಸಿರಿನ ಸುದ್ದಿ ಹೇಳುತ್ತದೆ, ಬ್ರೇಕಿನ ಸುದ್ದಿ ಹೇಳುವುದಿಲ್ಲ.

ಇನ್ನು ಕೆಲವರು ಪಾಸಿಂಗ್ ದಿನ ಪಕ್ಕದ ಮನೆಯವರ ಕನ್ನಡಿ, ಟಾಯರು ಹಾಕಿಕೊಂಡು ಹೋಗುತ್ತಾರೆ. ಸಂಜೆಗೆ ಬಿಚ್ಚಿ ಕೊಡುತ್ತಾರೆ. ಆಗ ಪಾಸಾದದ್ದು ಯಾರ ಗಾಡಿ?

ನಮ್ಮ ದಾರಿ, ನಮ್ಮ ಹೇರು

ಕಂಪನಿಯವರು ಗಾಡಿ ಮಾಡಿದ್ದು ಇಬ್ಬರು ಕೂಡ್ರಲಿಕ್ಕೆ. ನಾವು 40 ಲೀಟರಿನ ಎರಡು ಕ್ಯಾನು ಕಟ್ಟುತ್ತೇವೆ. ಹಾಲೇ 80 ಕಿಲೋ ಮೇಲಾಯಿತು, ಕ್ಯಾನಿನ ತೂಕ ಬೇರೆ, ನಾವು ಬೇರೆ. ಪರೀಕ್ಷೆಗೆ ಮಾತ್ರ ಬರಿಗಾಡಿ ಒಯ್ಯುತ್ತೇವೆ. ಬರಿಗಾಡಿ ನಿಲ್ಲಿಸಿದ ಬ್ರೇಕು ಹೇರು ಹೊತ್ತ ಗಾಡಿಯನ್ನು ಅಷ್ಟೇ ಜಾಗದಲ್ಲಿ ನಿಲ್ಲಿಸಲಾರದು. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಸುಮಾರು ನಾಲ್ಕು ಪಟ್ಟು ಜಾಗ ಬೇಕು.

ದೀಪದ ಮಾತೂ ಹೀಗೇ. ಹಳೇ 100 ಸಿಸಿ ಗಾಡಿಗಳಲ್ಲಿ ಹೆಡ್‌ಲೈಟು ಬಹುಮಟ್ಟಿಗೆ ಎಂಜಿನ್ನಿನ ಕಾಯಿಲಿನಿಂದ ಉರಿಯುತ್ತದೆ. ಬ್ರೇಕ್ ಲೈಟು, ಹಾರ್ನು, ಇಂಡಿಕೇಟರು ಬ್ಯಾಟರಿ ಮೇಲೆ. ಹಗಲಲ್ಲಿ ರೇಸ್ ಕೊಟ್ಟು ತೋರಿಸಿದರೆ ದೀಪ ಚೊಲೋ ಕಾಣುತ್ತದೆ. ರಾತ್ರಿ ಎರಿ ಹೊಲದ ದಾರಿಯಲ್ಲಿ ಸಾವಕಾಶ ಬರುವಾಗ ಅದೇ ದೀಪ ಮಂಕಾಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಂಕೇಶ್ವರ, ಘಟಪ್ರಭಾ ಕಡೆ ರಸ್ತೆ ತುಂಬ ಕಬ್ಬಿನ ಟ್ರೇಲರು. ಕೆಲವಕ್ಕೆ ಹಿಂದೆ ಕೆಂಪು ಪಟ್ಟಿಯೂ ಇರುವುದಿಲ್ಲ. ಮುಂದಿನದು ನಮಗೆ ಕಾಣಬೇಕು, ಹಿಂದಿನವರಿಗೆ ನಾವು ಕಾಣಬೇಕು. ಎರಡಕ್ಕೂ ನಮ್ಮ ದೀಪವೇ ಗತಿ.

ಅಮಾವಾಸ್ಯೆಗೊಮ್ಮೆ ಅರ್ಧ ತಾಸು

ಅಮಾವಾಸ್ಯೆ ದಿನ ನಾವು ಎತ್ತು ಹೂಡುವುದಿಲ್ಲ. ಆ ದಿನ ಗಾಡಿಯನ್ನು ಸ್ಟ್ಯಾಂಡಿಗೆ ಹಚ್ಚಿ ಇಷ್ಟು ನೋಡಿರಿ. ಒಂದು ಹಳೇ ಅರಿವೆ, ಎರಡು ಪಾನಾ ಸಾಕು.

1. ಬ್ರೇಕು: ಡ್ರಮ್ಮಿನ ಹೊರಗೆ ಬ್ರೇಕಿನ ತೋಳಿನ ಬುಡದಲ್ಲಿ ಬಹಳ ಗಾಡಿಗಳಿಗೆ ಸಣ್ಣ ಬಾಣದ ಗುರುತು ಇರುತ್ತದೆ. ಬ್ರೇಕು ಪೂರ್ತಿ ಹಿಡಿದಾಗ ಬಾಣವು ಡ್ರಮ್ಮಿನ ತಟ್ಟೆಯ ಗೆರೆಗೆ ಬಂದು ಕೂಡಿದರೆ ಲೈನರ್ ಮುಗಿದಿದೆ. ನಟ್ಟು ಬಿಗಿ ಮಾಡಿ ದಿನ ನೂಕಬೇಡಿರಿ.

2. ಟಾಯರು: ಅಂಚಿನ ಸಣ್ಣ ತ್ರಿಕೋನದ ನೇರಕ್ಕೆ ಗಾಡಿನೊಳಗೆ ಒಂದು ದಿಬ್ಬ ಇರುತ್ತದೆ. ಟಾಯರು ಸವೆದು ದಿಬ್ಬಕ್ಕೆ ಸಮ ಬಂದರೆ ಬದಲಿಸಬೇಕು. ಕಾಯ್ದೆಯಂತೆ ದ್ವಿಚಕ್ರಕ್ಕೆ 0.8 ಮಿಲಿಮೀಟರಿಗಿಂತ ಕಡಿಮೆ ಆಳ ಇರಬಾರದು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಸವೆಯದಿದ್ದರೂ ಬಿಸಿಲಿಗೆ ಬಿರುಕು ಬಿಟ್ಟ ಟಾಯರು ಬೇಡ.

3. ಗಾಲಿ: ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಡ್ಡಡ್ಡ ಅಲ್ಲಾಡಿಸಿರಿ. ಕಟಕಟ ಎಂದರೆ ಬೇರಿಂಗ್ ಹೋಗಿದೆ. ಕಡ್ಡಿಗಳನ್ನು ಪಾನಾದಿಂದ ಮೆಲ್ಲಗೆ ಬಡಿಯಿರಿ. ಬಿಗಿ ಕಡ್ಡಿ ಠಣ್ ಎನ್ನುತ್ತದೆ, ಸಡಿಲು ಕಡ್ಡಿ ಮಂಕು ಸಪ್ಪಳ ಮಾಡುತ್ತದೆ.

4. ಹ್ಯಾಂಡಲ್: ಮುಂದಿನ ಗಾಲಿ ಎತ್ತಿ ಹ್ಯಾಂಡಲ್ ತಿರುಗಿಸಿರಿ. ನಡುವೆ ಎಲ್ಲಿಯಾದರೂ ಹಿಡಿದು ನಿಂತರೆ ಕೋನ್ ಸೆಟ್ ಸವೆದಿದೆ.

5. ಚೈನು: ನಡುವೆ ಬೆರಳಿನಿಂದ ಎತ್ತಿದರೆ ಸುಮಾರು ಒಂದು ಇಂಚು ಆಡಬೇಕು. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತಾಗಿದ್ದರೆ ಚೈನು, ಸ್ಪ್ರಾಕೆಟ್ ಎರಡೂ ಬದಲಿಸಿರಿ.

6. ದೀಪ: ಕತ್ತಲಾದ ಮೇಲೆ ಎಂಜಿನ್ ಸಾವಕಾಶ ಓಡುವಾಗ ನೋಡಿರಿ. ಬ್ರೇಕ್ ಲೈಟನ್ನು ಹಿಂದೆ ಒಬ್ಬರನ್ನು ನಿಲ್ಲಿಸಿ ಕೇಳಿರಿ.

ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ಹೋಗಿ ಬ್ರೇಕು ಹಿಡಿಯುವುದಿಲ್ಲ. ಸ್ವಲ್ಪ ದೂರ ಸಾವಕಾಶ ಓಡಿಸುತ್ತ, ಬ್ರೇಕು ಹಗುರ ಹಿಡಿದು ಬಿಟ್ಟು ಮಾಡಿ ಆರಿಸಿಕೊಂಡೇ ಮುಂದೆ ಹೋಗಬೇಕು.

ಪಾಸಿಂಗಿಗೆ ಹೋಗುವ ಮುಂಚೆ

ಆರ್.ಸಿ., ವಿಮೆ, ಹೊಗೆ ತಪಾಸಣೆ ಚೀಟಿ ಚಾಲ್ತಿ ಇರಲಿ. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ಗಾಡಿಗೂ ಎಚ್.ಎಸ್.ಆರ್.ಪಿ. ಪ್ಲೇಟು ಕಡ್ಡಾಯವೆಂದು 2023ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿದೆ. ಚಾಸಿ ನಂಬರಿನ ಮೇಲಿನ ಮಣ್ಣು, ಜಿಡ್ಡನ್ನು ಸೀಮೆ ಎಣ್ಣೆ ಅರಿವೆಯಿಂದ ಒರೆಸಿರಿ. ಅರ, ಗ್ರೈಂಡರ್ ಹಚ್ಚಬೇಡಿರಿ. ನಂಬರು ಅಳಿಸಿದರೆ ದೊಡ್ಡ ಕಷ್ಟ.

ಸಾಧ್ಯವಾದಷ್ಟು ನೀವೇ ಹೋಗಿರಿ. ಏನು ಕೊರತೆ ಇದೆ ಎಂದು ಇನ್ಸ್‌ಪೆಕ್ಟರರನ್ನು ನಿಂತು ಕೇಳಿರಿ. ಅದು ನೀವು ಕೊಟ್ಟ ಫೀಗೆ ಸಿಗುವ ಪಾಠ.

ಒಂದು ಮಾತು ಉಳಿಯಿತು. ಚಾಸಿ ಬಿರುಕು ಬಿಟ್ಟಿದ್ದರೆ, ತುಕ್ಕು ತಿಂದು ತೂತಾಗಿದ್ದರೆ, ಪಾಸಿಂಗ್ ಇದ್ದರೂ ಆ ಗಾಡಿ ಬಿಡಿರಿ. ಬೆಸುಗೆ ಹಾಕಿ ಮಗನ ಕೈಗೆ ಕೊಡಬೇಡಿರಿ. ಸಂತೆಯಲ್ಲಿ ಹಲ್ಲು ನೋಡಿ ತಂದ ಎತ್ತನ್ನೂ ದಿನಾ ಗೊರಸು ನೋಡಿಯೇ ಹೂಡುತ್ತೇವೆ. ನಮ್ಮ ಮಕ್ಕಳನ್ನು ಹೊತ್ತು ತಿರುಗುವ ಗಾಡಿಗೆ ತಿಂಗಳಿಗೆ ಅರ್ಧ ತಾಸು ದೊಡ್ಡದಲ್ಲ.